ಕಡಪ ಕಲ್ಲಿನಲ್ಲಿ ಬಿದ್ದ ನೆರಳು

ಗ್ರಾನೈಟ್ ಬರುವ ಮೊದಲು ನಮ್ಮ ಎಷ್ಟೋ ಅಡುಗೆಮನೆಗಳ ಕಟ್ಟೆಗೆ, ಗೋಡೆಯ ಶೆಲ್ಫಿಗೆ ಕಡಪ ಕಲ್ಲೇ ಗತಿಯಾಗಿತ್ತು. ಕರ್ರಗೆ, ತಣ್ಣಗೆ, ಎಣ್ಣೆ ಕುಡಿದಷ್ಟೂ ಮಿರಮಿರ ಮಿಂಚುವ ಕಲ್ಲು. ಹಿಟ್ಟು ನಾದುವ ಆ ಕಲ್ಲಿಗೂ ಚಿತ್ರಕಲೆಗೂ ಎತ್ತಣಿಂದೆತ್ತ ಸಂಬಂಧ ಎನಿಸಬಹುದು. ದೆಹಲಿಯ ಕಸ್ತೂರ್ಬಾ ಗಾಂಧಿ ಮಾರ್ಗದ ಬ್ರಿಟಿಷ್ ಕೌನ್ಸಿಲ್ ಕಟ್ಟಡದ ಎದುರು ನಿಂತರೆ ಸಂಬಂಧ ಕಣ್ಣಿಗೇ ಕಾಣುತ್ತದೆ. ಸುತ್ತ ಕೆಂಪು ಮರಳುಗಲ್ಲು, ಒಳಗೆ ಮಕ್ರಾನದ ಬಿಳಿ ಅಮೃತಶಿಲೆ, ಅದರ ನಡುವೆ ಕೊರೆದು ಕೂಡಿಸಿದ ಕಡಪ ಕಲ್ಲು. ದೊಡ್ಡ ಆಲದ ಮರವೊಂದರ ನೆರಳು ಗೋಡೆಯ ತುಂಬ ಹರಡಿಕೊಂಡಿದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದ, 1992ರಲ್ಲಿ ಮುಗಿದ ಈ ಕಟ್ಟಡಕ್ಕೆ ಆ ನೆರಳನ್ನು ಕೊಟ್ಟವರು ಇಂಗ್ಲೆಂಡಿನ ಚಿತ್ರಕಾರ ಹೋವರ್ಡ್ ಹಾಜ್‌ಕಿನ್.

1932ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಹಾಜ್‌ಕಿನ್ ಬಣ್ಣದ ಮನುಷ್ಯ. ಕ್ಯಾನ್ವಾಸನ್ನು ಬಿಟ್ಟು ಅವರು ಒಲಿದದ್ದು ಮರದ ಹಲಗೆಗೆ. ಹಲಗೆಗೆ ಚೌಕಟ್ಟು ಕೂಡಿಸಿ ಅದರ ಮೇಲೂ ಕುಂಚ ಎಳೆಯುತ್ತಿದ್ದರು. ಕಿತ್ತಳೆ, ಕಡುಹಸಿರು, ನೀಲಿ, ಎಲ್ಲವೂ ಅಂಚು ದಾಟಿ ಹರಿಯುತ್ತವೆ. ಚಿತ್ರ ಎಲ್ಲಿ ಮುಗಿಯಿತು, ಚೌಕಟ್ಟು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಹತ್ತೇ ನಿಮಿಷದಲ್ಲಿ ಬಳಿದಂತೆ ಕಾಣುವ ಈ ಚಿತ್ರಗಳ ಹಿಂದೆ ವರ್ಷಗಳ ಕಾಯುವಿಕೆ ಇದೆ. ಟೇಟ್ ಸಂಗ್ರಹದಲ್ಲಿರುವ ‘ಡಿನ್ನರ್ ಅಟ್ ಸ್ಮಿತ್ ಸ್ಕ್ವೇರ್’ 1975ರಲ್ಲಿ ಶುರುವಾಗಿ ಮುಗಿದದ್ದು 1979ಕ್ಕೆ. ಬ್ರಿಟಿಷ್ ಮ್ಯೂಸಿಯಂ ಬಳಿಯ ಹಳೆಯ ಡೇರಿಯೊಂದು ಅವರ ಸ್ಟುಡಿಯೊ. ಗಾಜಿನ ಮಾಡಿನ ಕೆಳಗೆ, ಅರ್ಧಕ್ಕೆ ನಿಂತ ಚಿತ್ರಗಳನ್ನೆಲ್ಲ ದೊಡ್ಡ ಬಿಳಿ ಪರದೆ ಹಲಗೆಗಳಿಂದ ಮರೆಮಾಡಿ, ಕೈಗೆತ್ತಿಕೊಂಡದ್ದನ್ನು ಮಾತ್ರ ನೋಡುತ್ತಾ ಕೂರುತ್ತಿದ್ದರು. ಜನ ಅವನ್ನು ಅಮೂರ್ತ ಚಿತ್ರ ಎನ್ನುತ್ತಿದ್ದರು. ಅವರು ಒಪ್ಪುತ್ತಿರಲಿಲ್ಲ. ಊಟದ ಮೇಜಿನ ಸುತ್ತ ಕುಳಿತವರ ಮುಖ ಅಲ್ಲಿಲ್ಲದಿರಬಹುದು, ಆ ಸಂಜೆ ಇದೆ ಎಂಬುದು ಅವರ ವಾದ.

ಚೌಕಟ್ಟಿನ ಮೇಲಿನ ಈ ಮೋಹಕ್ಕೆ ಬೀಜ ಬಿದ್ದದ್ದು ಭಾರತದ ಕಿರುಚಿತ್ರಗಳಿಂದ (ಮಿನಿಯೇಚರ್ ವರ್ಣಚಿತ್ರಗಳಿಂದ) ಎಂದು ನನ್ನ ಬಲವಾದ ಅನಿಸಿಕೆ. ಈಟನ್ ಶಾಲೆಯಲ್ಲಿ ಕಲಾಗುರು ವಿಲ್ಫ್ರಿಡ್ ಬ್ಲಂಟ್ ತೋರಿಸಿದ ಭಾರತೀಯ ಚಿತ್ರಗಳು ಹುಡುಗನಿಗೆ ಹುಚ್ಚು ಹಿಡಿಸಿದವು. ಅಂದಿನಿಂದ ಕೂಡಿಟ್ಟ ಸಂಗ್ರಹದಲ್ಲಿ ಮೊಘಲ್, ರಜಪೂತ, ಪಹಾಡಿ ಚಿತ್ರಗಳ ಜೊತೆ ದಖ್ಖನಿ ಶೈಲಿಯೂ ಸೇರಿತು. ನಮ್ಮ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಅರಳಿದ ಶೈಲಿ ಅದು. ಆ ಸಂಗ್ರಹದ 84 ಕೃತಿಗಳು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ಕಿರುಚಿತ್ರಗಳ ಅಂಚನ್ನು ಗಮನಿಸಿ: ಅದು ಬರೀ ಗೆರೆಯಲ್ಲ, ಅದಕ್ಕೂ ಬಣ್ಣವುಂಟು, ಒಮ್ಮೊಮ್ಮೆ ಮರದ ಕೊಂಬೆಯೋ ಆನೆಯ ಬಾಲವೋ ಅದನ್ನು ದಾಟಿ ಬರುತ್ತದೆ. 1964ರಲ್ಲಿ ಮೊದಲ ಬಾರಿ ಭಾರತಕ್ಕೆ ಬಂದ ಹಾಜ್‌ಕಿನ್ ಮತ್ತೆ ಮತ್ತೆ ಬರುತ್ತಲೇ ಇದ್ದರು. 1971ರ ‘ಇಂಡಿಯನ್ ವ್ಯೂಸ್’ ಮಾಲಿಕೆಯ 12 ಮುದ್ರಣಗಳಲ್ಲಿ ರೈಲಿನ ಕಿಟಕಿಯೇ ಚೌಕಟ್ಟು.

ಅಂಚು ದಾಟುವ ಅಭ್ಯಾಸವಾದವರಿಗೆ ರಂಗಸ್ಥಳ ದೂರವೇನಲ್ಲ. ರಾಂಬರ್ಟ್ ಬ್ಯಾಲೆ ತಂಡದ ‘ಪುಲ್ಚಿನೆಲ್ಲಾ’ಗೆ 1987ರಲ್ಲಿ, ನೃತ್ಯ ಸಂಯೋಜಕ ಮಾರ್ಕ್ ಮಾರಿಸ್ ಅವರ ‘ಲೈಲಾ ಅಂಡ್ ಮಜ್ನೂನ್’ಗೆ 2016ರಲ್ಲಿ ರಂಗಸಜ್ಜಿಕೆ, ಉಡುಪು ವಿನ್ಯಾಸ ಮಾಡಿದರು. ಅಲ್ಲೆಲ್ಲ ಬಣ್ಣದ್ದೇ ಕಾರುಬಾರು.

ಆದರೆ ನನ್ನನ್ನು ಬಿಡದೆ ಕಾಡುವುದು ದೆಹಲಿಯ ಗೋಡೆ. ಜೀವಮಾನವಿಡೀ ಬಣ್ಣವನ್ನೇ ನಂಬಿದ್ದವರು ತಮ್ಮ ಪ್ರೀತಿಯ ದೇಶದಲ್ಲಿ, ಇಷ್ಟು ವಿಶಾಲವಾದ ಗೋಡೆ ಕೈಗೆ ಸಿಕ್ಕಾಗ, ಬಣ್ಣವನ್ನೇ ಬಿಟ್ಟುಕೊಟ್ಟರು. ಕುಂಚದ ಗುರುತೂ ಇಲ್ಲ; ಕೈಯ ಬೀಸನ್ನು ಕಲ್ಲುಕುಟಿಗರ ಉಳಿಗೆ ಒಪ್ಪಿಸಿದರು. ದೆಹಲಿಯ ಬಿಸಿಲಿನಲ್ಲಿ ಮನುಷ್ಯನಿಗೆ ಬೇಕಾದ್ದು ಬಣ್ಣವಲ್ಲ, ನೆರಳು ಎಂಬುದು ಅವರಿಗೆ ಗೊತ್ತಿತ್ತು. ಕೊರಿಯಾ ಆ ಗೋಡೆಯನ್ನು ಒಳಸರಿಸಿ, ಅಲ್ಲಲ್ಲಿ ತೆರಪು ಬಿಟ್ಟಿದ್ದಾರೆ. ಹೊತ್ತು ಏರಿದಂತೆ ಕೆಂಪು ಚೌಕಟ್ಟಿನ ನಿಜವಾದ ನೆರಳು ಬಿಳಿಯ ಮೇಲೆ ಜಾರಿ ಬಂದು ಕಡಪ ಕಲ್ಲಿನ ಕಪ್ಪನ್ನು ಮುಟ್ಟುತ್ತದೆ. ರಸ್ತೆಯ ಈಚೆ ಬದಿಯಿಂದ ನೋಡುವಾಗ ಕಲ್ಲು ಯಾವುದು, ನೆರಳು ಯಾವುದು ಎಂದು ಕಣ್ಣು ಒಂದು ಗಳಿಗೆ ತಡವರಿಸುತ್ತದೆ.