ಮಹಜರಿನ ಕಾಗದ, ಕ್ರೈಂ ಸ್ಟಾಫಿನ ಕಣ್ಣು

ಪಟ್ಟಂದೂರು ಅಗ್ರಹಾರದಂಥ ಪಿ.ಜಿ. ಬೀದಿಗಳಲ್ಲಿ ಬೆಳಗಿನ ಹೊತ್ತು ಬಾಗಿಲುಗಳು ತೆರೆದೇ ಇರುತ್ತವೆ. ಒಬ್ಬ ಸ್ನಾನಕ್ಕೆ ಹೋಗಿರುತ್ತಾನೆ, ಇನ್ನೊಬ್ಬ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಾನೆ. ಬೆನ್ನಿಗೆ ಬ್ಯಾಗು ಏರಿಸಿಕೊಂಡು ಮೆಟ್ಟಿಲು ಹತ್ತುವ ಹುಡುಗನನ್ನು ಯಾರೂ ಯಾರಪ್ಪಾ ನೀನು ಎಂದು ಕೇಳುವುದಿಲ್ಲ. ಅವನು ಇಳಿದು ಹೋದ ಮೇಲೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಇರುವುದಿಲ್ಲ. ಬೆಂಗಳೂರಿನ ಐಟಿ ವಲಯಗಳ ಕಳವು ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ರೀತಿ ಇದು.

ದೂರು ದಾಖಲಾದ ಮೇಲೆ ಮಫ್ತಿಯಲ್ಲಿ ಬರುವವರನ್ನು ಠಾಣೆಯಲ್ಲಿ ‘ಕ್ರೈಂ ಸ್ಟಾಫ್’ ಎನ್ನುತ್ತಾರೆ. ಅಪರಾಧ ವಿಭಾಗದ ಪಿಎಸ್‌ಐ ಕೈಕೆಳಗಿನ ಬೆರಳೆಣಿಕೆಯ ಹೆಡ್ ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್‌ಗಳು ಇವರು. ಕನ್ನಡ ಕಾದಂಬರಿಗಳ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರಿಗೆ ಪತ್ತೆದಾರ ಎಂದರೆ ಒಂಟಿ ಸಾಹಸಿ. ನಗರದ ನಿಜವಾದ ಪತ್ತೆದಾರಿಕೆ ಶುರುವಾಗುವುದು ಮಾತ್ರ ಈ ಪುಟ್ಟ ತಂಡದಿಂದ. ಯಾವ ಕಳ್ಳ ಹೇಗೆ ಬೀಗ ಮುರಿಯುತ್ತಾನೆ, ಯಾರು ಜೈಲಿನಿಂದ ಈಗಷ್ಟೇ ಹೊರಬಂದಿದ್ದಾನೆ, ಕದ್ದ ಮಾಲು ಯಾವ ಅಂಗಡಿಗೆ ಹೋಗುತ್ತದೆ ಎಂಬುದೆಲ್ಲ ಇವರ ತಲೆಯಲ್ಲಿರುತ್ತದೆ. ಮಾಹಿತಿದಾರರೂ ಇವರನ್ನು ನಂಬಿಯೇ ಬಾಯಿ ಬಿಡುತ್ತಾರೆ.

ಬೆಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದದ್ದು 1963ರಲ್ಲಿ. ಸಿ. ಚಾಂಡಿ ಮೊದಲ ಕಮಿಷನರ್. ಠಾಣೆಯ ಕೈಮೀರಿದ ಸಂಘಟಿತ ಅಪರಾಧ, ದೊಡ್ಡ ವಂಚನೆ, ಮಾದಕ ವಸ್ತುವಿನ ಪ್ರಕರಣಗಳು ಚಾಮರಾಜಪೇಟೆಯ ಸಿಸಿಬಿಗೆ, ಅಂದರೆ ಕೇಂದ್ರ ಅಪರಾಧ ವಿಭಾಗಕ್ಕೆ ಹೋಗುತ್ತವೆ. ಅದರ ಆಚೆಗೆ ಇಡೀ ರಾಜ್ಯಕ್ಕೆ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್‌ನಲ್ಲಿರುವ ಸಿಐಡಿ. ಹಿಂದೆ ಅದು ಸಿಓಡಿ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಶುರುವಾದದ್ದು ಅಲ್ಲೇ.

ಈ ವ್ಯವಸ್ಥೆಯಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದು ಕ್ಯಾಮೆರಾವೂ ಅಲ್ಲ, ಪಿಸ್ತೂಲೂ ಅಲ್ಲ, ಮಹಜರು. ಒಂದು ಕಳವು ನಡೆದರೆ ಮೊದಲು ಆಗುವುದು ಸ್ಥಳ ಮಹಜರು. ಜಮೀನಿನ ಪತ್ರದ ಹಾಗೆ ಇದರಲ್ಲೂ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಖಾಲಿ ನಿವೇಶನ. ಬಾಗಿಲು ಯಾವ ದಿಕ್ಕಿಗಿದೆ, ಚಿಲಕ ಹೇಗೆ ಬಾಗಿದೆ, ಮಹಜರು ಎಷ್ಟು ಗಂಟೆಗೆ ಶುರುವಾಗಿ ಎಷ್ಟು ಗಂಟೆಗೆ ಮುಗಿಯಿತು, ಎಲ್ಲವೂ ಬರಹಕ್ಕೆ ಇಳಿಯುತ್ತದೆ. ಕೊನೆಯಲ್ಲಿ ಪಂಚರ, ಅಂದರೆ ಸ್ಥಳದಲ್ಲಿದ್ದ ಸಾಕ್ಷಿಗಳ, ಸಹಿ.

ಆರೋಪಿ ಸಿಕ್ಕಿದ ಮೇಲೆ ಇನ್ನೊಂದು ಮಹಜರು. ಅವನ ‘ಸ್ವಇಚ್ಛಾ ಹೇಳಿಕೆ’ಯಲ್ಲಿ ಕರ್ನಾಟಕದ ಎಷ್ಟೋ ಕಡತಗಳಲ್ಲಿ ಕಾಣುವ ಒಂದು ಮಾತು ಬರುತ್ತದೆ: ನನ್ನ ಜೊತೆ ಬಂದರೆ ಮಾಲು ಇಟ್ಟಿರುವ ಜಾಗವನ್ನು ತೋರಿಸಿಕೊಡುತ್ತೇನೆ. ಕೇಸಿನ ಜೀವ ಆ ಸಾಲಿನಲ್ಲಿದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆ ಮಾತಿನಿಂದ ನಿಜಕ್ಕೂ ಒಂದು ವಸ್ತು ಸಿಕ್ಕಿದರೆ ಮಾತ್ರ ಅದಕ್ಕೆ ಸಂಬಂಧಿಸಿದಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 23ನೇ ಕಲಮಿಗೆ ಸೇರಿಕೊಂಡಿದೆ. ಹೊಡೆದು ಬಾಯಿ ಬಿಡಿಸುವುದೇ ತನಿಖೆ ಎಂದು ನಂಬಿದವರು ಈ ಕಲಮನ್ನು ಒಮ್ಮೆ ಓದಬೇಕು. ಸಿಕ್ಕ ಮಾಲನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಅರಗು ಕರಗಿಸಿ ಮೊಹರು ಒತ್ತುತ್ತಾರೆ. ಪಂಚರು ಸಹಿ ಮಾಡಿದ ಚೀಟಿ ಅದರ ಮೇಲೆ ಇರುತ್ತದೆ. ಆ ಮೊಹರು ಒಡೆಯದೆ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯವನ್ನೋ ನ್ಯಾಯಾಲಯವನ್ನೋ ತಲುಪಬೇಕು. ಈಗ ಶೋಧ ಮತ್ತು ಜಪ್ತಿಯನ್ನೆಲ್ಲ ವಿಡಿಯೊ ಮಾಡುವುದೂ ಕಡ್ಡಾಯ.

ಈ ಕೆಲಸಕ್ಕೆ ಪಂಚರು ಬೇಕಲ್ಲ? ಶೋಧ ನಡೆಸುವಾಗ ಅದೇ ಪ್ರದೇಶದ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳು ಇರಬೇಕೆನ್ನುತ್ತದೆ ಕಾನೂನು. ಊರು ಊರಾಗಿದ್ದಾಗ ಅಂಥವರನ್ನು ಹುಡುಕುವುದು ಕಷ್ಟವಿರಲಿಲ್ಲ. ಪಟ್ಟಂದೂರು ಅಗ್ರಹಾರದ ನೆಲದಲ್ಲಿ ಐಟಿ ಪಾರ್ಕು ಎದ್ದಿತು, 2023ರ ಮಾರ್ಚಿನಲ್ಲಿ ಮೆಟ್ರೊ ನಿಲ್ದಾಣವೂ ತೆರೆಯಿತು. ಹನ್ನೊಂದು ತಿಂಗಳ ಕರಾರಿನಲ್ಲಿ ಬಂದು ಹೋಗುವ ಜನರಿಗೆ ಪಕ್ಕದ ಕೋಣೆಯವರ ಹೆಸರೂ ಗೊತ್ತಿರುವುದಿಲ್ಲ. ಮಹಜರು ಎಂದೊಡನೆ ಕೋರ್ಟು ಕಚೇರಿ ಅಲೆಯಬೇಕಾದೀತೆಂದು ಜನ ಸರಿದು ನಿಲ್ಲುತ್ತಾರೆ. ಕೊನೆಗೆ ಸಿಕ್ಕ ಯಾರನ್ನೋ ನಿಲ್ಲಿಸಿ ಸಹಿ ಹಾಕಿಸಿದರೆ, ವರ್ಷಗಳ ನಂತರ ಕಟಕಟೆಯಲ್ಲಿ ಆತ ನನಗೇನೂ ಗೊತ್ತಿಲ್ಲ ಎನ್ನುತ್ತಾನೆ. ಕ್ರೈಂ ಸ್ಟಾಫ್ ಹಗಲಿರುಳು ಓಡಾಡಿ ಹಿಡಿದ ಆಸಾಮಿ ಅಲ್ಲಿಂದ ಖುಲಾಸೆಯಾಗಿ ಹೊರಬರುತ್ತಾನೆ.

ಕ್ಯಾಮೆರಾ ಇದೆಯಲ್ಲ ಎನ್ನಬಹುದು. ಸೇಫ್ ಸಿಟಿ ಯೋಜನೆಯಡಿ ನಗರದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ. ಜನ ಸೇರುವ ಮಳಿಗೆ, ಸಂಸ್ಥೆಗಳು ದೃಶ್ಯವನ್ನು 30 ದಿನ ಉಳಿಸಿಕೊಳ್ಳಬೇಕೆಂಬ 2017ರ ರಾಜ್ಯ ಕಾಯ್ದೆಯೂ ಇದೆ. ಪಟ್ಟಂದೂರು ಅಗ್ರಹಾರದಿಂದ ಹೆಚ್ಚು ದೂರವಲ್ಲದ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರಂದು ಸ್ಫೋಟವಾದಾಗ ಕೆಫೆಯ ಕ್ಯಾಮೆರಾದಿಂದ ಬಸ್ಸಿನ ಕ್ಯಾಮೆರಾವರೆಗೆ ಒಂದೊಂದೇ ತುಣುಕು ಕೂಡಿಸಲಾಯಿತು. ಶಂಕಿತ ಬಿಟ್ಟುಹೋದ ಟೋಪಿಯ ಜಾಡು ಚೆನ್ನೈನ ಮಾಲ್‌ವರೆಗೆ ಹೋಯಿತು. ಸಿಸಿಬಿ ಶುರುಮಾಡಿದ ತನಿಖೆ ಕೆಲವೇ ದಿನಗಳಲ್ಲಿ ಎನ್‌ಐಎಗೆ ಹೋಗಿ, ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರು ಆರೋಪಿಗಳು ಸಿಕ್ಕರು.

ಆದರೆ 2013ರ ನವೆಂಬರ್ 19ರ ಕಾರ್ಪೊರೇಷನ್ ವೃತ್ತದ ಎಟಿಎಂ ಹಲ್ಲೆಯನ್ನು ನೆನೆಯಿರಿ. ಬ್ಯಾಂಕ್ ಉದ್ಯೋಗಿ ಮಹಿಳೆಯ ಮೇಲೆ ಮಚ್ಚು ಬೀಸಿದವನ ಮುಖವನ್ನು ದೇಶವೇ ಟಿವಿಯಲ್ಲಿ ನೋಡಿತ್ತು. ಅವನು ಸಿಕ್ಕದ್ದು ಮೂರು ವರ್ಷ ಕಳೆದು, 2017ರಲ್ಲಿ, ಆಂಧ್ರದ ಮದನಪಲ್ಲಿ ಪೊಲೀಸರ ಕೈಗೆ. ಚಿತ್ರವಿದ್ದರೆ ಸಾಲದು, ಬೀದಿಯಲ್ಲಿ ಗುರುತು ಹಿಡಿಯುವ ಕಣ್ಣೂ ಬೇಕು.

ಐಟಿ ವಲಯದ ಹೊಸ ಕಳವು ಬಾಗಿಲಿನಿಂದ ಬರುವುದಿಲ್ಲ, ಫೋನಿನಿಂದ ಬರುತ್ತದೆ. ಅಂಥ ಪ್ರಕರಣಗಳಿಗಾಗಿ ನಗರದ ವಿಭಾಗಗಳಲ್ಲಿ ಸೆನ್ ಠಾಣೆಗಳಾಗಿವೆ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆಗಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ ಕೇಸುಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ದೂರುಗಳೋ ರಾಶಿ ರಾಶಿ. ಹಣ ಹೋದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಯಲು ಅವಕಾಶವಿದೆ.

ಕ್ರೈಂ ಸ್ಟಾಫಿನ ದೊಡ್ಡ ಶತ್ರು ಬಂದೋಬಸ್ತು. ಗಣ್ಯರ ಭೇಟಿ, ಮೆರವಣಿಗೆ, ಪಂದ್ಯ, ಹೊಸ ವರ್ಷದ ರಾತ್ರಿ, ಎಲ್ಲಕ್ಕೂ ಇವರನ್ನೇ ಎಳೆಯುತ್ತಾರೆ. ಬಿಸಿ ಇದ್ದ ಸುಳಿವು ಆರಿಹೋಗಿ, ಪತ್ತೆಯಾಗದ ಪ್ರಕರಣವೆಂದು ‘ಸಿ ರಿಪೋರ್ಟ್’ ಬೀಳುತ್ತದೆ. ತನಿಖೆಯನ್ನು ಕಾನೂನು ಸುವ್ಯವಸ್ಥೆಯಿಂದ ಬೇರ್ಪಡಿಸಿ ಎಂದು ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಹೇಳಿತು. ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಿಂದಲೇ ಶುರುಮಾಡಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ನಿರ್ದೇಶಿಸಿತು. ಬೀದಿಯ ಮಟ್ಟಕ್ಕೆ ಆ ಮಾತು ಇಳಿದಿದ್ದರೆ ಪಿ.ಜಿ. ಹುಡುಗನ ಲ್ಯಾಪ್‌ಟಾಪ್ ಹುಡುಕಲು ಒಬ್ಬರಿಗಾದರೂ ಪೂರ್ತಿ ಪುರುಸೊತ್ತು ಇರುತ್ತಿತ್ತು.

ಸರ್ಕಾರ ಮಾಡಬೇಕಾದದ್ದನ್ನು ಕೇಳುತ್ತಲೇ ಇರೋಣ. ನಮ್ಮಿಂದ ಆಗುವುದೂ ಇದೆ. ಲ್ಯಾಪ್‌ಟಾಪಿನ ಬಿಲ್ಲು, ಸೀರಿಯಲ್ ನಂಬರು ಬರೆದಿಟ್ಟುಕೊಳ್ಳಿ. ಸಿಕ್ಕ ಮಾಲು ನಿಮ್ಮದೇ ಎಂದು ತೋರಿಸಲು ಅದು ಬೇಕು. ಶೋಧಕ್ಕೆ ಪಂಚರಾಗಿ ಬನ್ನಿ ಎಂದು ಕರೆದರೆ ಹೋಗಿ. ನ್ಯಾಯಾಲಯ ಪ್ರತ್ಯೇಕವಾಗಿ ಸಮನ್ಸ್ ಕಳಿಸದ ಹೊರತು ಅದಕ್ಕಾಗಿ ಅಲ್ಲಿಗೆ ಅಲೆಯಬೇಕಾಗಿಲ್ಲ. ಬರೆದದ್ದನ್ನು ಪೂರ್ತಿ ಓದಿ, ಕಂಡದ್ದೇ ಬರೆದಿದ್ದರೆ ಮಾತ್ರ ಸಹಿ ಹಾಕಿ.