ಮನೆಯೇ ಶಾಲೆ, ತಾಯಿಯೇ ಕೋಚ್

ಇಪ್ಪತ್ತೆರಡು ವರ್ಷಗಳ ಹಿಂದೆ, ಅಂದಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದಾಗ, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸುವುದೇ ನನ್ನ ಕೆಲಸದ ಬಹುಪಾಲಾಗಿತ್ತು. ‘ಚಿಣ್ಣರ ಅಂಗಳ’ದ ಪಟ್ಟಿ ಹಿಡಿದು ಹತ್ತಿಹೊಲಗಳ ಬದುವಿನ ಮೇಲೆ ನಡೆದಿದ್ದೇನೆ. ಮಕ್ಕಳನ್ನು ಕೂಲಿಗೆ ಕಳಿಸುತ್ತಿದ್ದ ತಂದೆತಾಯಂದಿರಿಗೆ ಬುದ್ಧಿ ಹೇಳಿದ್ದೇನೆ, ಗದರಿಸಿದ್ದೂ ಉಂಟು. ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ಕೈತಪ್ಪಿದ ಮಗು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೀಗಾಗಿ 2023ರ ಫೆಬ್ರುವರಿಯಲ್ಲಿ ಪತ್ನಿಯೊಡನೆ ಟೆಕ್ಸಾಸಿನ ಡಲ್ಲಾಸ್ ಬಳಿ ಇರುವ ಮಗನ ಮನೆಗೆ ಹೋದಾಗ, ಪಕ್ಕದ ಬೀದಿಯ ಮನೆಯೊಂದರ ಮೂವರು ಮಕ್ಕಳು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲವೆಂದು ಕೇಳಿ ನನ್ನೊಳಗಿನ ಹಳೆಯ ಅಧಿಕಾರಿ ಎದ್ದು ಕುಳಿತ.

ಆ ಮಕ್ಕಳ ತಾಯಿ ನನ್ನ ಒಂಬತ್ತು ವರ್ಷದ ಮೊಮ್ಮಗಳ ಫುಟ್‌ಬಾಲ್ ತಂಡದ ಕೋಚ್. ಸಂಬಳವಿಲ್ಲದ ಕೆಲಸ. ಅಮೆರಿಕದ ಊರೂರಿನ ಮಕ್ಕಳ ಕ್ರೀಡಾಕೂಟಗಳು ನಡೆಯುವುದೇ ಇಂಥ ತಂದೆತಾಯಂದಿರ ಬಿಟ್ಟಿ ದುಡಿಮೆಯಿಂದ. ಮೊಮ್ಮಗಳನ್ನು ಮೈದಾನಕ್ಕೆ ಕರೆದೊಯ್ಯುವ ಹೊಣೆ ನನ್ನದಾಗಿತ್ತು. ಮಡಚುವ ಕುರ್ಚಿಯಲ್ಲಿ ಕುಳಿತು ನಾನೂ ಕೆಲವು ನಿಯಮಗಳನ್ನು ಕಲಿತೆ. ಹತ್ತು ವರ್ಷದೊಳಗಿನವರಿಗೆ ಒಂದು ಕಡೆ ಏಳೇ ಆಟಗಾರರು, ಇಪ್ಪತ್ತೈದು ನಿಮಿಷಗಳ ಎರಡು ಅವಧಿ. ಮಿದುಳಿಗೆ ಪೆಟ್ಟಾದೀತೆಂದು ಚೆಂಡನ್ನು ತಲೆಯಿಂದ ಹೊಡೆಯುವಂತಿಲ್ಲ.

ಮನೆಶಾಲೆಗೆ ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂದು ಆಮಿಶ್ ಪಂಥದವರನ್ನು ಒತ್ತಾಯಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿತ್ತು. ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಮನೆಶಾಲೆಯೂ ಒಂದು ಖಾಸಗಿ ಶಾಲೆಯೇ ಎಂದು ತೀರ್ಪಿತ್ತಿತು. ಓದು, ಕಾಗುಣಿತ, ವ್ಯಾಕರಣ, ಗಣಿತ, ಉತ್ತಮ ಪೌರತ್ವ ಎಂಬ ಐದು ವಿಷಯಗಳನ್ನು ಕಲಿಸಿದರೆ ಸಾಕು. ನೋಂದಣಿ, ತಪಾಸಣೆ, ಪರೀಕ್ಷೆ ಯಾವುದೂ ಇಲ್ಲ. ಜೀವನವಿಡೀ ತಪಾಸಣಾ ವರದಿ ಬರೆದ ನನಗೆ ಇದನ್ನು ಅರಗಿಸಿಕೊಳ್ಳಲು ಇಂದಿಗೂ ಆಗಿಲ್ಲ. ಒಳ್ಳೆಯ ತಾಯಿಗೆ ತಪಾಸಣೆ ಬೇಡ, ನಿಜ. ಆದರೆ ಕಾನೂನು ಮಾಡುವುದು ಒಳ್ಳೆಯ ತಾಯಂದಿರನ್ನಷ್ಟೇ ನೆನೆದಲ್ಲ. ಮನೆಯಲ್ಲಿ ಕಲಿತವರು ಮುಂದಿರುತ್ತಾರೆಂದು ಸಾರುವ ಅಧ್ಯಯನಗಳಲ್ಲಿ ಹಲವು, ತಾವಾಗಿ ಮುಂದೆ ಬಂದ ಕುಟುಂಬಗಳ ಅಂಕಗಳನ್ನು ನಂಬಿದವು. ಮುಂದೆ ಬಾರದವರ ಕಥೆ ಅವುಗಳಲ್ಲಿಲ್ಲ.

ಅಮೆರಿಕದ ಕೇಂದ್ರ ಸರ್ಕಾರದ ಅಂದಾಜಿನಂತೆ 1999ರಲ್ಲಿ ಸುಮಾರು 8.5 ಲಕ್ಷ ಮಕ್ಕಳು ಮನೆಯಲ್ಲಿ ಕಲಿಯುತ್ತಿದ್ದರು. 2016ರ ವೇಳೆಗೆ ಅದು 17 ಲಕ್ಷದಷ್ಟಾಯಿತು. ಇವರೆಲ್ಲ ಕ್ರೈಸ್ತ ಶ್ರದ್ಧಾಳುಗಳೆಂದೇನಲ್ಲ. ಶಾಲೆ ಮಕ್ಕಳ ಕುತೂಹಲವನ್ನು ಕೊಲ್ಲುತ್ತದೆಂದು ವಾದಿಸಿದ ಜಾನ್ ಹೋಲ್ಟ್ ಅವರ ದಾರಿ ಹಿಡಿದವರೂ ಇದ್ದಾರೆ, ಶಾಲೆಯ ವಾತಾವರಣಕ್ಕೆ ಅಂಜಿದವರೂ ಇದ್ದಾರೆ. ನಮ್ಮ ಕೋಚ್ ಮಾತ್ರ ಬ್ಯಾಪ್ಟಿಸ್ಟ್ ಚರ್ಚಿನವರು; ಮಕ್ಕಳ ವಿದ್ಯೆಯ ಲೆಕ್ಕವನ್ನು ದೇವರಿಗೆ ಒಪ್ಪಿಸಬೇಕಾದವಳು ತಾನೇ ಎಂದು ನಂಬಿದವರು.

ಒಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಅಡುಗೆಮನೆಯ ಮೇಜೇ ತರಗತಿ. ಬೈಬಲ್ ಓದು ಮುಗಿಸಿ ಹದಿಮೂರರ ಹಿರಿಯ ಮಗ ಬೀಜಗಣಿತ ಬಿಡಿಸುತ್ತಿದ್ದ, ಮಗಳು ಕಾಗುಣಿತ ಬರೆಯುತ್ತಿದ್ದಳು, ಆರರ ಕಿರಿಯವನು ಮೇಜಿನ ಕೆಳಗೆ ಕುಳಿತು ಗಟ್ಟಿಯಾಗಿ ಓದುತ್ತಿದ್ದ. ತಾಯಿ ಒಲೆಯ ಮೇಲಿನ ಪಾತ್ರೆಯನ್ನೂ ಮೂವರ ತಪ್ಪುಗಳನ್ನೂ ಒಟ್ಟಿಗೇ ನೋಡುತ್ತಿದ್ದರು. ವಾರಕ್ಕೊಂದು ದಿನ ನಾಲ್ಕಾರು ಕುಟುಂಬಗಳು ಚರ್ಚಿನ ಸಭಾಂಗಣದಲ್ಲಿ ಸೇರುತ್ತವೆ. ರಸಾಯನಶಾಸ್ತ್ರ ಬಲ್ಲ ತಾಯಿ ಎಲ್ಲರ ಮಕ್ಕಳಿಗೆ ಅದನ್ನು ಹೇಳಿಕೊಡುತ್ತಾಳೆ, ಸಂಗೀತ ಬಲ್ಲವಳು ಸಂಗೀತವನ್ನು. ಮಂಗಳವಾರ, ಗುರುವಾರ ಸಂಜೆ ಐದೂವರೆಗೆ ಚೆಂಡುಗಳ ಚೀಲ ಹೊತ್ತು ಮೈದಾನಕ್ಕೆ. ಶನಿವಾರ ಪಂದ್ಯ.

ಮದುವೆಗೆ ಮುನ್ನ ಲೆಕ್ಕಪರಿಶೋಧಕಿಯಾಗಿದ್ದ ಆಕೆಗೆ ಬಿಟ್ಟುಕೊಟ್ಟ ಸಂಬಳದ ಮೊತ್ತ ಚೆನ್ನಾಗಿ ಗೊತ್ತಿತ್ತು. ಅರ್ಥಶಾಸ್ತ್ರ ಓದುವಾಗ ನಾವೆಲ್ಲ ಪಿಗೂ ಅವರ ಉದಾಹರಣೆಯೊಂದನ್ನು ಕೇಳಿ ನಕ್ಕಿದ್ದೆವು: ಯಜಮಾನನು ತನ್ನ ಮನೆಗೆಲಸದವಳನ್ನೇ ಮದುವೆಯಾದರೆ ರಾಷ್ಟ್ರೀಯ ವರಮಾನ ಅಷ್ಟರಮಟ್ಟಿಗೆ ಕುಸಿಯುತ್ತದೆ! ಮೈದಾನದಂಚಿನಲ್ಲಿ ಇದನ್ನು ಹೇಳಿದೆ. ಆಕೆ ನಕ್ಕು, ರಜೆಯಿಲ್ಲದ ಈ ನೌಕರಿಯಲ್ಲಿ ಕೆಲವು ರಾತ್ರಿ ಕಾರಿನೊಳಗೆ ಒಬ್ಬಳೇ ಹತ್ತು ನಿಮಿಷ ಕೂತು ಆಮೇಲೆ ಮನೆಯೊಳಗೆ ಹೋಗುತ್ತೇನೆ ಎಂದರು.

ಮೇ ತಿಂಗಳ ಕೊನೆಯ ಪಂದ್ಯಾವಳಿಯಲ್ಲಿ ತಂಡ ಯಾರೂ ನಿರೀಕ್ಷಿಸದಂತೆ ಸೆಮಿಫೈನಲ್ ತಲುಪಿತು. ಪಂದ್ಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಭಾನುವಾರ ಬರಲಾರೆನೆಂದು ಕೋಚ್ ಫೆಬ್ರುವರಿಯಲ್ಲೇ ಎಲ್ಲರಿಗೂ ತಿಳಿಸಿದ್ದರಂತೆ. ಗೆಲ್ಲುವ ಸಂಭವವೇ ಇಲ್ಲದಾಗ ಯಾರೂ ಕಿವಿಗೊಟ್ಟಿರಲಿಲ್ಲ. ಆಟಗಾರ್ತಿಯರ ಪಟ್ಟಿ ಬರೆದು ನನ್ನ ಮಗನ ಕೈಗಿತ್ತು ಅವರು ಚರ್ಚಿಗೆ ಹೋದರು. ತಂಡದ ಗೋಲ್‌ಕೀಪರ್ ಅವರ ಮಗಳು, ಅವಳೂ ಹೋದಳು. ಗೋಲಿನಲ್ಲಿ ನಿಂತದ್ದು ನನ್ನ ಮೊಮ್ಮಗಳು. ಮೂರು ಗೋಲು ಬಿಟ್ಟು, ಮನೆಯವರೆಗೂ ಅತ್ತಳು.

ನನಗೆ ಸಿಟ್ಟು ಬಂದಿತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡಲಾರೆನೆಂದು ನೂರು ಮೀಟರ್ ಓಟವನ್ನೇ ಬಿಟ್ಟ ಎರಿಕ್ ಲಿಡೆಲ್ ಅವರನ್ನು ಮೆಚ್ಚುವುದು ಸುಲಭ. ಅವರು ಬಿಟ್ಟದ್ದು ತಮ್ಮ ಓಟವನ್ನು, ಬಳಿಕ ನಾನೂರು ಮೀಟರಿನಲ್ಲಿ ಚಿನ್ನವೂ ಬಂತು. ಇಲ್ಲಿ ಬೆಲೆ ತೆತ್ತವರು ಉಳಿದ ಮಕ್ಕಳಲ್ಲವೇ? ಸೋಮವಾರ ಸಂಜೆ ಆಕೆ ಮನೆಗೆ ಬಂದು, ನನ್ನನ್ನಲ್ಲ, ಮೊಮ್ಮಗಳನ್ನು ಕೇಳಿ ಕರೆದು, ಹಿತ್ತಲಿನಲ್ಲಿ ಒಂದು ಗಂಟೆ ಅವಳಿಗೆ ಗೋಲು ತಡೆಯುವುದನ್ನು ಕಲಿಸಿದರು. ಕ್ಷಮೆ ಕೇಳಲಿಲ್ಲ. ಮುಂದಿನ ಋತುವಿಗೆ ಗೋಲ್‌ಕೀಪರ್ ತಾನೇ ಎಂದು ಹುಡುಗಿ ಘೋಷಿಸಿದಳು. ನನ್ನ ಪ್ರಶ್ನೆಯೇನೋ ಹಾಗೆಯೇ ಉಳಿಯಿತು.

ಆಕೆಯನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯದೇ ಆಗಿತ್ತು. ಹಿರಿಯ ಮಗ ಒಂಬತ್ತನೆಯ ತರಗತಿಗೆ ಸರ್ಕಾರಿ ಹೈಸ್ಕೂಲು ಸೇರಬೇಕೆಂದು ಹಟ ಹಿಡಿದಿದ್ದ. ಮನೆಯಲ್ಲಿ ಕಲಿಯುತ್ತಲೇ ಶಾಲಾತಂಡದಲ್ಲಿ ಆಡಲು ಫ್ಲಾರಿಡಾದಲ್ಲಿ 1996ರಿಂದಲೂ ಅವಕಾಶವಿದೆ; ತಾಯಿಯಿಂದ ಕಲಿತ ಟಿಮ್ ಟಿಬೋ ಹಾಗೆ ಆಡಿಯೇ ಅಮೆರಿಕನ್ ಫುಟ್‌ಬಾಲಿನ ತಾರೆಯಾದರು. ಟೆಕ್ಸಾಸ್ ಅದಕ್ಕೆ ದಾರಿ ತೆರೆದದ್ದು 2021ರಲ್ಲಿ, ಅದೂ ಆಯಾ ಶಾಲಾ ಜಿಲ್ಲೆ ಒಪ್ಪಿದರೆ ಮಾತ್ರ. ಆದರೆ ಹುಡುಗನಿಗೆ ಬೇಕಾದದ್ದು ಬರೀ ತಂಡವಲ್ಲ, ಶಾಲೆಯೇ. ಅವನು ಹೊರಟರೆ ತಾನು ಸೋತಂತೆಯೇ ಎಂದು ಆಕೆ ನನ್ನನ್ನು ಕೇಳಿದರು. ಶಾಲೆಗೆ ಮಕ್ಕಳನ್ನು ಸೇರಿಸುವುದೇ ವೃತ್ತಿಯಾಗಿದ್ದ ನನಗೆ ಉತ್ತರ ತೋಚಲಿಲ್ಲ.

ಇದೆಲ್ಲವನ್ನೂ ಬರೆಯಬೇಕೆಂದಿದ್ದೇನೆ ಎಂದಾಗ ಪತ್ನಿ ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ, “ನಮ್ಮ ಮನೇಲೂ ಒಂದು ಮೇಜಿತ್ತು, ಜ್ಞಾಪಕ ಇದೆಯಾ?” ಎಂದಳು. ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು ನನ್ನ ಎರಡನೆಯ ವರ್ಗಾವಣೆಗೆ ಕೆಲಸ ಬಿಟ್ಟಿದ್ದಳು. ವರ್ಷದ ನಡುವೆ ಊರು ಬದಲಾದಾಗಲೆಲ್ಲ ಇಬ್ಬರು ಮಕ್ಕಳಿಗೆ ತಪ್ಪಿದ ಪಾಠಗಳನ್ನು ಆ ಮೇಜಿನ ಮೇಲೆ ಕಲಿಸಿದವಳು ಅವಳೇ. ಊರ ಮಕ್ಕಳ ಹಾಜರಿ ಲೆಕ್ಕ ಹಾಕುತ್ತಿದ್ದ ನಾನು ರಾತ್ರಿ ಒಂಬತ್ತಕ್ಕೆ ಮನೆಗೆ ಬಂದು ಪ್ರಗತಿಪತ್ರಕ್ಕೆ ಸಹಿ ಹಾಕುತ್ತಿದ್ದೆ.

ಆಗಸ್ಟ್ ಮೊದಲ ವಾರ ಊರಿಗೆ ಹೊರಡುವ ಹಿಂದಿನ ದಿನ ಅವಳು ಚಕ್ಕುಲಿ ಕಟ್ಟಿಕೊಂಡು ಆ ಮನೆಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ಹಿರಿಯ ಮಗನನ್ನು ಹೈಸ್ಕೂಲಿಗೆ ಸೇರಿಸಿದ್ದಾರಂತೆ, ಮುಂದಿನ ವಾರ ಶುರುವಂತೆ. ಮಕ್ಕಳು ಕಾಲೇಜಿಗೆ ಹೊರಟುಹೋದ ಮೇಲೆ ನೀವೇನು ಮಾಡಿದಿರಿ ಎಂದು ಆಕೆ ಕೇಳಿದರಂತೆ.

“ನೀನೇನು ಹೇಳಿದೆ?” ಎಂದೆ.

“ಇವರಿಗೆ ಇನ್ನೂ ಎರಡು ಟ್ರಾನ್ಸ್‌ಫರ್ ಬಾಕಿ ಇತ್ತು, ಸಾಮಾನು ಕಟ್ಟಿದೆ ಅಂದೆ.”