ಕೆಟ್ಟಿದೆ, ಸರಿ. ಹೇಗೆ ಕೆಟ್ಟಿದೆ?

ಹಾಲು ಕೆಟ್ಟಿತು, ಹಣ್ಣು ಕೆಟ್ಟಿತು, ಹುಡುಗ ಕೆಟ್ಟ. ಕ್ರಿಯಾಪದ ಒಂದೇ. ಹೇಗೆ ಕೆಟ್ಟಿತು ಅಂತ ಹೇಳೋದು ಅದಕ್ಕಿಂತ ಮುಂಚೆ ಬರುವ ಕ್ರಿಯಾವಿಶೇಷಣ.

ನವಿ ಮುಂಬಯಿಯ ವಾಶಿ ಎಪಿಎಂಸಿ ಹಣ್ಣಿನ ಮಾರುಕಟ್ಟೆಗೆ ಬನ್ನಿ. ಏಪ್ರಿಲ್, ಮೇ ಬಂತೆಂದರೆ ಕೊಂಕಣದ ಹಾಪೂಸ್ ಮಾವಿನ ಪೆಟ್ಟಿಗೆಗಳ ರಾಶಿ. ಹೊರಗೆ ಹೊಂಬಣ್ಣ, ಘಮಘಮ. ಹೆಚ್ಚಿ ನೋಡಿದರೆ ಓಟೆಯ ಸುತ್ತ ತಿರುಳು ಬೆಳ್ಳಗೆ, ಬೆಂಡುಬೆಂಡು, ಬಾಯಿಗಿಟ್ಟರೆ ಹುಳಿ. ಇಲ್ಲಿನವರು ಇದಕ್ಕೆ ‘ಸಾಕಾ’ ಅಂತಾರೆ. ಹುಳ ಕೊರೆದಿಲ್ಲ, ಬೂಷ್ಟು ಹಿಡಿದಿಲ್ಲ. ಮಾಗುವಾಗ ತಿರುಳಿನಲ್ಲೇ ಆಗುವ ದೋಷ. ಈ ಹಣ್ಣು ‘ಒಳಗೊಳಗೇ’ ಕೆಟ್ಟಿದೆ.

ತರಕಾರಿ ಬುಟ್ಟಿಯ ತಳದ ಟೊಮೆಟೊ ಮೆತ್ತಗಾಗಿ ನೀರು ಸೋರುತ್ತಿದೆ. ಅದು ‘ಪೂರ್ತಿ’ ಕೊಳೆತಿದೆ.

ಡೊಂಬಿವಲಿ, ಕಲ್ಯಾಣದ ಅಡುಗೆಮನೆಯಲ್ಲಿ ದೋಸೆಹಿಟ್ಟು? ‘ಸ್ವಲ್ಪ’ ಹುಳಿ ಬಂದಿದ್ದರೆ ಈರುಳ್ಳಿ ಹಾಕಿ ಉತ್ತಪ್ಪ ಹುಯ್ಯಿರಿ. ‘ಗಬ್ಬೆಂದು’ ನಾರುತ್ತಿದ್ದರೆ, ಬಣ್ಣ ತಿರುಗಿದ್ದರೆ, ಯೋಚಿಸಬೇಡಿ, ಚೆಲ್ಲಿ.

ಮನುಷ್ಯರ ವಿಷಯಕ್ಕೆ ಬಂದರೆ ಕನ್ನಡ ಎಷ್ಟು ಅನ್ನೋದಕ್ಕಿಂತ ಯಾಕೆ ಅನ್ನೋದನ್ನೇ ಹೆಚ್ಚು ಹೇಳುತ್ತೆ. ಅಜ್ಜಿ ‘ಮುದ್ದು ಮಾಡಿ’ ಕೆಡಿಸಿದರು. ಅಪ್ಪ ‘ಸಲುಗೆ ಕೊಟ್ಟು’ ಕೆಡಿಸಿದರು. ಗಾದೆಯ ಸನ್ಯಾಸಿ ‘ಸಹವಾಸ ದೋಷದಿಂದ’ ಕೆಟ್ಟ. ಇವೂ ಕ್ರಿಯೆ ಹೇಗಾಯಿತು ಅಂತ ಹೇಳುವ ಮಾತುಗಳೇ.

ಆದರೆ ‘ತೀರಾ ಕೆಟ್ಟುಹೋದ’ ಅನ್ನುವ ಮುಂಚೆ ಸ್ವಲ್ಪ ತಡೆಯಿರಿ. ಅದು ತೀರ್ಪು. ಕಾರಣ ಹೇಳಿದರೆ ಮಗುವನ್ನು ತಿದ್ದೋಕೆ ದಾರಿ ಉಳಿಯುತ್ತೆ.

ನಿಮ್ಮ ಮನೆಯಲ್ಲಿ ಯಾರು, ಹೇಗೆ ಕೆಟ್ಟಿದ್ದಾರೆ? ಕಾಮೆಂಟ್‌ನಲ್ಲಿ ಬರೆಯಿರಿ. ಹೆಸರು ಬೇಡ, ಕ್ರಿಯಾವಿಶೇಷಣ ಸಾಕು!